ಕ್ಯಾಸೆಟ್ಟಿನಲ್ಲಿ ಬಾರದ ಸಂಗೀತ

ನಾನು ನಿಂತಿದ್ದು ಅಥಣಿಯ ತಗಡಿನ ಟಾಕೀಜಿನ ಒಳಗೆ, ಹಿಂದುಗಡೆ, ಹೆಂಗಸರ ಕಡೆಯ ಪರದೆ ಮುಗಿಯುವಲ್ಲಿ, ಮರಳಿನ ಬಕೆಟ್ಟು ತೂಗುಹಾಕಿದ್ದ ಗೋಡೆಗೆ ಬೆನ್ನು ಕೊಟ್ಟು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಬ್ಬಿನ ಹಂಗಾಮು ಮುಗಿದು ಲಗ್ನದ ಹಂಗಾಮು ಶುರುವಾಗಿದ್ದ ಬೇಸಿಗೆ. ಮ್ಯಾಟ್ನಿ ಆಟ, ಇಂಟರ್ವಲ್ ಆದ ಮೇಲಿನ ಮೊದಲ ರೀಲು. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ನಂಬಲಾಗದ ಮಾತು ಹೇಳುವವನು ತಾನು ನಿಂತ ಜಾಗವನ್ನಾದರೂ ಸರಿಯಾಗಿ ಹೇಳಬೇಕು. ಹಾಡೇ ಇಲ್ಲದ ಒಂದು ದೃಶ್ಯಕ್ಕೆ ಇಡೀ ಟಾಕೀಜು ‘ಒನ್ಸ್ ಮೋರ್’ ಎಂದು ಕೂಗಿದ್ದನ್ನು ನಾನು ಕಂಡಿದ್ದೇನೆ. ಈಗ ಬರೆಯುವಾಗಲೂ ಮೈಮೇಲೆ ಮುಳ್ಳೇಳುತ್ತಿವೆ.

ಸಿನೆಮಾ ನೋಡಿ ಬಂದು ಅದರ ಕ್ಯಾಸೆಟ್ಟು ಕೊಂಡವರಿಗೆ ನನ್ನ ದುಃಖ ಅರ್ಥವಾಗುತ್ತದೆ. ಹಾಡುಗಳೆಲ್ಲ ಅದರಲ್ಲಿ ಇರುತ್ತವೆ. ನಾಯಕ ಕುಣಿದದ್ದು, ನಾಯಕಿ ಕುಣಿದದ್ದು, ಇಬ್ಬರೂ ಕುಣಿದದ್ದು, ಕೊನೆಗೆ ಮೊದಲನೆಯ ಹಾಡನ್ನೇ ಸಾವಕಾಶ ಹಾಡಿದ ದುಃಖದ ಆವೃತ್ತಿ. ಆದರೆ ಕತ್ತಲಲ್ಲಿ ಕೂತಾಗ ಎದೆಗೆ ಕೈಹಾಕಿದ್ದು ಇವ್ಯಾವೂ ಅಲ್ಲ. ಯಾರೂ ಬಾಯಿ ತೆರೆಯದ ಹೊತ್ತಿನಲ್ಲಿ, ಬಾಗಿಲು ಮುಚ್ಚುವಾಗ, ಬಸ್ಸು ಹೊರಡುವಾಗ, ಹಿಂದೆ ನುಡಿದ ಒಂದು ಕೊಳಲು, ಒಂದು ಶಹನಾಯಿ. ಅದು ಮಾತ್ರ ಕ್ಯಾಸೆಟ್ಟಿಗೆ ಬರುವುದಿಲ್ಲ. ಜಾಗ ಇಲ್ಲವೆಂದಲ್ಲ. ಎರಡನೆಯ ಬದಿಯ ಕೊನೆಯಲ್ಲಿ ಬೇಕಾದಷ್ಟು ಖಾಲಿ ಟೇಪು ಬಿಟ್ಟಿರುತ್ತಾರೆ. ಆ ಸುಂಯ್ ಎನ್ನುವ ಸದ್ದನ್ನು ನಾನು ಕೊನೆಯವರೆಗೂ ಕೇಳಿದ್ದೇನೆ, ಎಲ್ಲಾದರೂ ಮರೆತು ತುಂಬಿಸಿರಬಹುದೆಂಬ ಆಸೆಯಿಂದ. ಲಗ್ನದ ಊಟದ್ದೂ ಇದೇ ಕಥೆ. ಏನೇನಿತ್ತು ಎಂದು ಕೇಳಿದರೆ ಹುಗ್ಗಿ, ಬುಂದಿ ಎಂದು ಹೇಳುತ್ತೇವೆ. ಎರಡು ಸಲ ಕೇಳಿ ಹಾಕಿಸಿಕೊಂಡ ಬದನೆಕಾಯಿ ಪಲ್ಯ ಯಾರ ಬಾಯಲ್ಲೂ ಬರುವುದಿಲ್ಲ.

ಈ ದುಃಖ ನನ್ನೊಬ್ಬನದೇ ಆಗಿದ್ದರೆ ಬರೆಯುವ ಕಾರಣವಿರಲಿಲ್ಲ. ಆ ವರ್ಷ ಅದು ನನ್ನ ಅಕ್ಕ ಸುಶೀಲಾಳ ಲಗ್ನಕ್ಕೆ ಬಂದು ಕೂತಿತು. ಆಕೆಯನ್ನು ಕೃಷ್ಣಾ ನದಿಯ ಆಚೆ, ರಾಯಬಾಗದ ಕಡೆಗೆ ಕೊಡುವುದೆಂದು ಗೊತ್ತಾಗಿತ್ತು. ನಮ್ಮಲ್ಲಿ ಹೆಣ್ಣು ಕಳಿಸುವಾಗ ಬ್ಯಾಂಡಿನವರು ಒಂದು ಗೊತ್ತಾದ ಅಳುವ ಹಾಡು ನುಡಿಸುತ್ತಾರೆ. ಅದು ಶುರುವಾದ ಕೂಡಲೇ ಮದುಮಗಳು ಅಳಬೇಕು, ಅವ್ವ ಅಳಬೇಕು, ಆಮೇಲೆ ಓಣಿಯ ಹೆಂಗಸರು ಅಳಬೇಕು. ಯಾರು ಎಷ್ಟು ಅತ್ತರು ಎಂಬುದು ಮುಂದೆ ಒಂದು ವಾರದ ಮಾತು. ಅಕ್ಕನಿಗೆ ಇದು ಬೇಡವಾಗಿತ್ತು. ಟಾಕೀಜಿಗೆ ಬಂದಿದ್ದ ಸಿನೆಮಾದಲ್ಲಿ ನಾಯಕಿ ಗಂಡನ ಮನೆಗೆ ದೋಣಿಯಲ್ಲಿ ಹೋಗುವ ದೃಶ್ಯವೊಂದಿತ್ತು. ಅದಕ್ಕೊಂದು ಹಿನ್ನೆಲೆಯ ಸಂಗೀತ. ಅದನ್ನೇ ನುಡಿಸಬೇಕೆಂದು ಹಟ ಹಿಡಿದಳು.

“ನಾ ಏನ್ ಹೆಣಾನೋ ತಮ್ಮಾ, ಎಲ್ಲಾರೂ ಅಳಕೋತ ಕಳಸಾಕ? ಆಕಿನ್ನ ನೋಡು. ದಂಡಿ ಮ್ಯಾಲ ನಿಂತು ಒಮ್ಮೆ ಹೊಳ್ಳಿ ನೋಡತಾಳ, ಮುಗೀತು, ಹೊಳಿ ನಡುವ ಇರತಾಳ. ಒಂದ್ ಹನಿ ಕಣ್ಣೀರಿಲ್ಲ. ಆ ಮ್ಯೂಜಿಕ್ ಬಾರಿಸಿದ್ರ ಬ್ಯಾಂಡ್ ಇರಲಿ, ಇಲ್ಲಾಂದ್ರ ಬ್ಯಾಂಡೇ ಬ್ಯಾಡ.”

ಅಪ್ಪ ಅಂಗಳದಿಂದಲೇ ಹೇಳಿದರು: “ಬ್ಯಾಂಡ್ ಇಲ್ಲದ ಕಳಸಾಕ ನಾ ಏನ್ ಮಗಳನ್ನ ಕದ್ದು ಕಳಸಾಕತ್ತೇನೇನು?”

ಹೀಗೆ ಅಕ್ಕನ ಹಟ ಮತ್ತು ಅಪ್ಪನ ಮರ್ಯಾದೆ ಎರಡನ್ನೂ ಹೆಗಲ ಮೇಲೆ ಹೊತ್ತು ನಾನು ಕ್ಯಾಸೆಟ್ಟು ಹುಡುಕಲು ಹೊರಟೆ. ಚಿಕ್ಕೋಡಿಯಲ್ಲಿ ಸಿಕ್ಕ ಕ್ಯಾಸೆಟ್ಟಿನಲ್ಲಿ ಹಾಡುಗಳಷ್ಟೇ ಇದ್ದವು. ನಿಪ್ಪಾಣಿಯಲ್ಲಿ ಬೇಕಾದ್ದನ್ನು ತುಂಬಿಸಿಕೊಡುವ ಅಂಗಡಿಯಿದೆ ಎಂದರು, ಅಲ್ಲಿಗೂ ಹೋದೆ. ಹೆಸರಿಲ್ಲದ ವಸ್ತುವನ್ನು ಅಂಗಡಿಯಲ್ಲಿ ಕೇಳುವ ಕಷ್ಟ ನನಗೆ ತಿಳಿದದ್ದು ಆಗ.

“ಯಾವ ಹಾಡ ಬೇಕ್ರಿ ಸಾಹೇಬ್ರ?”

“ಹಾಡಲ್ಲರಿ.”

“ಹಾಡಲ್ಲಂದ್ರ ಭಜನಿ ಏನ್ರಿ?”

ಭಜನೆಯೂ ಅಲ್ಲ ಎಂದು ಹೇಳಿ, ಬೇರೆ ದಾರಿ ಕಾಣದೆ, ಗಿರಾಕಿಗಳ ಎದುರಿಗೆ ಮೂಗಿನಿಂದಲೇ ನುಡಿಸಿ ತೋರಿಸಿದೆ. ಅಂಗಡಿಯವನು ತಲೆ ಬಾಗಿಸಿ ಪೂರ್ತಿ ಕೇಳಿದ.

“ಅಹೋ, ನಿಮಗ ನೆಗಡಿ ಆಗೈತ್ರಿ. ಬಾಜೂಕ ಔಷಧಿ ಅಂಗಡಿ ಐತಿ ನೋಡ್ರಿ.”

ನಾನು ಬರಿಗೈಯಲ್ಲಿ ಬಂದದ್ದನ್ನು ನೋಡಿ ಅಕ್ಕ ಏನೂ ಅನ್ನಲಿಲ್ಲ. ಆಕೆ ಸುಮ್ಮನಿದ್ದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಕೊನೆಗೆ ಬ್ಯಾಂಡಿನವರನ್ನೇ ಕೇಳಿದೆ. ಕಾಗವಾಡದ ಕಡೆಯ ಕಂಪನಿ ಅದು. ಮುಖ್ಯಸ್ಥ ಬಾಪು ಮಾಸ್ತರರು ಕ್ಲಾರಿನೆಟ್ ನುಡಿಸುತ್ತಿದ್ದರು, ಮಲ್ಲಪ್ಪ ಎಂಬವನು ಡೋಲು. ಮಾಸ್ತರರು ನಕ್ಕರು. “ಕ್ಯಾಸೆಟ್ ಯಾಕ ಬೇಕ್ರಿ? ಟಾಕೀಜಿಗೆ ಕರಕೊಂಡು ಹೋಗ್ರಿ. ಒಮ್ಮೆ ಕಿವ್ಯಾಗ ಬಿದ್ದರ ಸಾಯೂತನಾ ಬಿಡಾಂಗಿಲ್ಲ ನಾ.”

ಅಥಣಿಯಲ್ಲೇ ಒಂದು ಮುಂಜಾನೆಯ ಲಗ್ನ ಮುಗಿಸಿ, ಕೆಂಪು ಕೋಟು, ಜರಿಯ ಪಟ್ಟಿಯ ಟೊಪ್ಪಿಗೆ ಸಮೇತ ಅವರು ಹಾಗೆಯೇ ಮ್ಯಾಟ್ನಿಗೆ ಬಂದರು. ಸಿನೆಮಾದ ಪ್ರಚಾರಕ್ಕೆ ಬಂದವರೆಂದು ತಿಳಿದು ಜನ ದಾರಿ ಬಿಟ್ಟರು. ಒಂದು ಇಡೀ ಬೆಂಚು ಅವರದೇ. ನನಗೆ ಜಾಗ ಉಳಿಯಲಿಲ್ಲ. ಹಾಗಾಗಿ ನಾನು ಗೋಡೆಗೆ.

ದೃಶ್ಯ ಬಂತು, ಹೋಯಿತು. ರೀಲು ಮುಗಿದು ದೀಪ ಹತ್ತಿತು. ಆ ಟಾಕೀಜಿನಲ್ಲಿ ಇದ್ದದ್ದು ಒಂದೇ ಯಂತ್ರ, ಪ್ರತಿ ರೀಲಿಗೂ ದೀಪ ಹತ್ತುತ್ತಿತ್ತು. ಮಾಸ್ತರರು ಕ್ಲಾರಿನೆಟ್ ಬಾಯಿಗಿಟ್ಟು ಮೂರು ಸ್ವರ ಊದಿ ನಿಲ್ಲಿಸಿಬಿಟ್ಟರು.

“ಯಾವಲೇ ಅಂವಾ, ಪೀಪಿ ಊದಾಂವಾ?” ಎಂದು ಮುಂದಿನಿಂದ ಒಬ್ಬ ಕೂಗಿದ.

ಮಲ್ಲಪ್ಪ ಮೆಲ್ಲಗೆ ಕೇಳಿದ, “ಮುಂದ ಏನ್ರಿ ಮಾಸ್ತರ?”

“ಆ ದೋಣ್ಯಾಗಿನ ಹುಡಿಗಿ ಮಾರಿ ನೋಡಕೋತ ಕುಂತೆ ನೋಡೋ. ಕಿವಿ ಬಂದ್ ಆಗಿದ್ದವು.” ಹೀಗೆಂದವರೇ ಮಾಸ್ತರರು ಬೆಂಚಿನ ಮೇಲೆ ಹತ್ತಿ ನಿಂತು ಟಾಕೀಜಿಗೆಲ್ಲ ಕೇಳುವಂತೆ ಹೇಳಿದರು: “ತಪ್ಪು ತಿಳಕೋಬ್ಯಾಡ್ರಿ. ನಿಮ್ಮೂರ ಹುಡಿಗಿ ಹೊಳಿ ದಾಟಿ ಗಂಡನ ಮನಿಗೆ ಹೊಂಟಾಳ. ಈ ಮ್ಯೂಜಿಕ್ ಮ್ಯಾಲೆನ ಹೋಗತೇನಿ ಅಂದಾಳ. ಕ್ಯಾಸೆಟ್ನ್ಯಾಗ ಇಲ್ಲರೀ ಇದು.”

ಜನ ಬೆಂಚಿನ ಕಡೆ ತಿರುಗಿದರು. ಆಮೇಲೆ ಹೆಂಗಸರ ಪರದೆಯ ಆಚೆಯಿಂದ ಒಬ್ಬ ಮುದುಕಿಯ ದನಿ: “ಹಂಗಾರ ಇನ್ನೊಮ್ಮೆ ಹಚ್ಚಲೇ ಆಪರೇಟ್ರ. ಕೂಸಿನ ಲಗ್ನ ಅದು.”

ನಮ್ಮ ಕಡೆ ನಾಟಕದ ಕಂಪನಿಗಳಿಂದ ಬಂದ ರೂಢಿ ಒಂದಿದೆ. ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎನ್ನುತ್ತಾರೆ. ರಾಜ ಸತ್ತು ಬಿದ್ದಿದ್ದರೂ ಎದ್ದು ಹಾಡಿ ಮತ್ತೆ ಸಾಯಬೇಕು. ಸಿನೆಮಾ ಬಂದ ಮೇಲೆ ಈ ಹಕ್ಕನ್ನು ಜನ ಅಲ್ಲಿಗೂ ಒಯ್ದರು. ಹಾಡಿನ ರೀಲನ್ನು ಮತ್ತೆ ಹಾಕಿದ್ದನ್ನು ನಾನು ಹಲವು ಸಲ ನೋಡಿದ್ದೆ. ಆದರೆ ಹಾಡಿಲ್ಲದ್ದಕ್ಕೆ ಎಂದೂ ಇಲ್ಲ. ಆ ದಿನ ಮೊದಲು ಮುಂದೆ ನೆಲದ ಮೇಲೆ ಕೂತವರು ಕೂಗಿದರು, ಆಮೇಲೆ ಬೆಂಚಿನವರು, ಆಮೇಲೆ ಪರದೆಯ ಆಚೆಯವರು. ತಗಡು ನಡುಗುತ್ತಿತ್ತು. ಆಪರೇಟರ್ ಕಿಂಡಿಯಿಂದ ತಲೆ ಹೊರಗೆ ಹಾಕಿ, “ಇದರಾಗ ಹಾಡು ಎಲ್ಲೈತ್ರಿ?” ಎಂದು ಕೇಳಿದ. ಉತ್ತರಕ್ಕೆ ಮತ್ತೆ ಅದೇ ಕೂಗು.

ರೀಲು ಸುತ್ತಿ ಮತ್ತೆ ಹಾಕಿದರು. ಈ ಸಲ ಶೇಂಗಾ ಒಡೆಯುವ ಸದ್ದೂ ಇಲ್ಲ. ನಾಯಕಿ ದಂಡೆಯ ಮೇಲೆ ಹೊರಳಿ ನೋಡಿದಳು. ಸಿನೆಮಾದ ಶಹನಾಯಿಯ ಕೆಳಗೆ, ಅದರ ನೆರಳಿನಂತೆ, ಮಾಸ್ತರರ ಕ್ಲಾರಿನೆಟ್ ಹೆಜ್ಜೆ ಹಾಕಿತು. ನಡುವೆ ಒಂದು ಕಡೆ ಧಾಟಿ ಥಟ್ಟನೆ ಹಾರುತ್ತಿತ್ತು, ದಂಡೆಯ ಮೇಲಿದ್ದವಳು ಹೊಳೆಯ ನಡುವೆ ಇರುತ್ತಿದ್ದಳು. ಮಾಸ್ತರರೂ ಅಲ್ಲಿ ಹಾಗೆಯೇ ಹಾರಿದರು, ಮಲ್ಲಪ್ಪ ಮೊಳಕಾಲಿನ ಮೇಲೆ ಅಂಗೈಯಿಂದ ಒಂದು ಪೆಟ್ಟು ಹಾಕಿ ಗುರುತು ಮಾಡಿಕೊಂಡ. ದೃಶ್ಯ ಮುಗಿದಾಗ ಯಾರೂ ಸೀಟಿ ಹೊಡೆಯಲಿಲ್ಲ. ಅದು ನನಗೆ ಕೂಗಿಗಿಂತ ದೊಡ್ಡದೆನಿಸಿತು.

ಲಗ್ನದ ದಿನ ಬಾಗಿಲಿಗೆ ಜೀಪು ಬಂತು. ಬ್ಯಾಂಡಿನ ಬೆರಳುಗಳಿಗೆ ರೂಢಿಯ ಚಟ. ಹಳೆಯ ಅಳುವ ಹಾಡೇ ಶುರುವಾಯಿತು. ಅಕ್ಕ ನಡೆಯುವುದನ್ನು ನಿಲ್ಲಿಸಿ ಅವರ ಕಡೆ ನೋಡಿದಳು. ಹಾಡು ನಿಂತಿತು. ಆಮೇಲೆ ಕ್ಲಾರಿನೆಟ್ ಒಂದೇ ಎದ್ದಿತು. ಅಕ್ಕ ಮನೆಯ ಕಡೆ ಒಮ್ಮೆ ಹೊರಳಿ ನೋಡಿದಳು. ಧಾಟಿ ಹಾರುವ ಜಾಗ ಬಂತು, ಮಲ್ಲಪ್ಪನ ಡೋಲಿನ ಪೆಟ್ಟು ಬಿತ್ತು, ಅದೇ ಪೆಟ್ಟಿಗೆ ಆಕೆ ಕಾಲೆತ್ತಿ ಜೀಪು ಹತ್ತಿದಳು. ಕಣ್ಣು ಒಣಗಿದ್ದವು. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಂದರದ ಕಂಬ ಹಿಡಿದು ಗಳಗಳ ಅತ್ತವರು ಅಪ್ಪ. ಓಣಿಯ ಹೆಂಗಸರು ಗಾಬರಿಯಾಗಿ ಅಳುವುದನ್ನೇ ಮರೆತರು.

ಕೆಲವು ವರ್ಷಗಳ ಮೇಲೆ, ತೊಂಬತ್ತರ ನಡುವಿನಲ್ಲಿ, ಆ ಸಿನೆಮಾದ ವಿಡಿಯೊ ಕ್ಯಾಸೆಟ್ಟು ಸಿಕ್ಕಿತು. ರಾಯಬಾಗದ ಅಕ್ಕನ ಮನೆಗೆ ಒಯ್ದೆ. ಉತ್ಸಾಹದಲ್ಲಿ ಊಟಕ್ಕೂ ಏಳದೆ ಎಲ್ಲರೂ ಕೂತೆವು. ದೃಶ್ಯ ಬಂತು. ನಾಯಕಿ ಹೊರಳಿ ನೋಡಿದಳು. ಧಾಟಿ ಹಾರಲಿಲ್ಲ. ಹಾರುವುದರ ಬದಲು ಆಕೆ ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಶಹನಾಯಿಯೂ ಅತ್ತಿತು, ಮುಗಿಯದಷ್ಟು ಹೊತ್ತು. ಬೆಳಗಾವಿ, ಕೊಲ್ಲಾಪುರ, ಸಾಂಗ್ಲಿ ಎಲ್ಲ ತಿರುಗಿ ನಮ್ಮೂರಿಗೆ ಬರುವ ಹೊತ್ತಿಗೆ ಪ್ರಿಂಟು ಈ ದೃಶ್ಯದ ನಡುವೆಯೇ ಹರಿದು, ಯಾರೋ ಅಂಟಿಸಿದ್ದರು. ಅಳುವೆಲ್ಲ ದಾರಿಯಲ್ಲಿ ಉದುರಿತ್ತು.

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. “ಇಷ್ಟೊತ್ತು ಅತ್ತಿದ್ದಳೇನೋ ಈಕಿ? ಗೊತ್ತಿದ್ದರ ನಾ ಯಾಕ ಇದನ್ನ ಕೇಳತಿದ್ದೆ. ಎಂಥಾಕಿನ್ನ ನಂಬಿ ಜೀಪ್ ಹತ್ತಿದೆ ನೋಡು.”

ಸಂಗೀತ ಕಟ್ಟಿದವರು ಬಯಸಿದ್ದು ಅಳು, ನಮಗೆ ತಲುಪಿದ್ದು ಧೈರ್ಯ. ಯಾವುದು ಸರಿ ಎಂದು ಹೇಳಲಾರೆ. ಕ್ಯಾಸೆಟ್ಟಿನಲ್ಲಿ ಆ ಸಂಗೀತ ಇದ್ದಿದ್ದರೆ ಅದು ಪೂರ್ತಿಯಾಗಿಯೇ ಇರುತ್ತಿತ್ತು, ಅಕ್ಕನೂ ಅಳುತ್ತಲೇ ಹೊಳೆ ದಾಟುತ್ತಿದ್ದಳು. ಹೀಗಾಗಿ ಕ್ಯಾಸೆಟ್ಟಿನ ಕಂಪನಿಗಳ ಮೇಲಿನ ನನ್ನ ಸಿಟ್ಟು ಈಗ ಅರ್ಧ ಇಳಿದಿದೆ.

ಅಪ್ಪ ಇಲ್ಲ, ಬಾಪು ಮಾಸ್ತರರಿಲ್ಲ, ಆಪರೇಟರ್ ಎಲ್ಲಿದ್ದಾನೋ ಗೊತ್ತಿಲ್ಲ. ಇದಕ್ಕೆ ಸಾಕ್ಷಿ ಹೇಳಬಲ್ಲವರು, ನನಗೆ ಗೊತ್ತಿದ್ದಂತೆ, ಈಗ ನಾಲ್ವರು. ಮಲ್ಲಪ್ಪ ಕಾಗವಾಡದಲ್ಲಿದ್ದಾನೆ, ಕಿವಿ ಮಂದವಾಗಿದೆ, ಗಟ್ಟಿಯಾಗಿ ಕೇಳಬೇಕು. ಅಕ್ಕ ರಾಯಬಾಗದಲ್ಲಿದ್ದಾಳೆ. ನಾನಿದ್ದೇನೆ. ನಾಲ್ಕನೆಯವರು ಆ ದಿನ ಜೀಪಿನಲ್ಲಿ ಆಕೆಯ ಪಕ್ಕದಲ್ಲಿ ಕೂತಿದ್ದ ಭಾವ ಬಸಗೌಡರು. ಅಕ್ಕ ಅಳಲಿಲ್ಲವೆಂಬುದಕ್ಕೆ ಅವರ ಸಾಕ್ಷಿ ಕೇಳಿದಾಗಲೆಲ್ಲ ಹೀಗೆ ಹೇಳುತ್ತಾರೆ: “ಹೊಳಿ ನಿಮ್ಮ ಕಡಿ ದಂಡಿ ತನಕಾ ನಿನ್ನ ಮಾತು ಖರೇನೋ. ಮುಂದಿಂದು ನಾ ಹೇಳಾಂಗಿಲ್ಲ.”