ಪಾರ್ಟಿಗಳಲ್ಲಿ ಮಾತ್ರ ಡಾಕ್ಟರ್

ಕಳೆದ ಶನಿವಾರ ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು, ಗೃಹಸ್ಥರೊಬ್ಬರ ಕಾಲಿನ ಹೆಬ್ಬೆರಳಿನ ಫೋಟೋ ನೋಡಿದೆ. ಝೂಮ್ ಮಾಡಿ ತೋರಿಸಿದರು. ಉಗುರು ಹಳದಿಯಾಗಿತ್ತು. ಬಾತೂ ಹೆಚ್ಚುಕಮ್ಮಿ ಅದೇ ಬಣ್ಣ.

"ಡಾಕ್ಟರಿಗೆ ತೋರಿಸಿ ರಘು," ಎಂದೆ.

"ಅದಕ್ಕೇ ಅಲ್ವಾ ಡಾಕ್ಟ್ರೇ, ನಿಮಗೆ ತೋರಿಸ್ತಿರೋದು?"

ಲಿನ್‌ವುಡ್ ಊರಿನ ಈ ರಘು ಅವರ ಮನೆಯಲ್ಲಿ ಅವರ ಮಗನ ಬರ್ತ್‌ಡೇ. ಇಂಥ ಪಾರ್ಟಿಗೆ ಬಂದವರಲ್ಲಿ ಅರ್ಧ ಜನಕ್ಕೆ ನನಗೆ ಏನಾದರೂ ತೋರಿಸುವುದಿರುತ್ತದೆ. ಕುತ್ತಿಗೆ ಮೇಲಿನ ಗಂಟು, ಥೈರಾಯ್ಡ್ ರಿಪೋರ್ಟು, ಊರಿನಲ್ಲಿರುವ ಅತ್ತೆಯ ಇಸಿಜಿ (ವಾಟ್ಸಾಪಿನಲ್ಲಿ, ತಲೆಕೆಳಗಾಗಿ). ನಮ್ಮವರ ಪಾಲಿಗೆ ನಾನು ಡಾಕ್ಟ್ರು. ಅಮೆರಿಕ ಇನ್ನೂ ಒಪ್ಪಿಲ್ಲ, ಅಷ್ಟೇ.

ಮೈಸೂರಿನಲ್ಲಿ ಎಂಬಿಬಿಎಸ್ ಮಾಡಿ, ಮದುವೆಯಾಗಿ, ಗಂಡನ ವೀಸಾದ ಬಾಲ ಹಿಡಿದು ಬಂದವಳು ನಾನು. ಇಲ್ಲಿನ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದೇನೆ. ಆದರೆ ರೆಸಿಡೆನ್ಸಿ ಆಗಿಲ್ಲ. ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಾ ಕಲಿಯುವ ಮೂರು ವರ್ಷದ ತರಬೇತಿ. ಅದಿಲ್ಲದೆ ಇಲ್ಲಿ ಒಂದು ಆ್ಯಂಟಿಬಯೋಟಿಕ್ ಬರೆದುಕೊಡುವ ಹಾಗೂ ಇಲ್ಲ. ಹಾಗಾಗಿ ಎವರೆಟ್‌ನ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರ್ ಪಕ್ಕ ಕೂತು, ಅವರು ಪೇಶೆಂಟಿಗೆ ಹೇಳಿದ್ದನ್ನೆಲ್ಲ ಟೈಪ್ ಮಾಡುತ್ತೇನೆ. ನನಗೂ ಕೇಳಬೇಕೆನಿಸುವ ಪ್ರಶ್ನೆಗಳಿರುತ್ತವೆ. ನುಂಗಿಕೊಳ್ಳುತ್ತೇನೆ.

ಪ್ರತಿವರ್ಷ ರೆಸಿಡೆನ್ಸಿಗೆ ಅಪ್ಲೈ ಮಾಡುವುದು ನಮ್ಮ ಮನೆಯಲ್ಲಿ ಒಂದು ವ್ರತದ ಹಾಗೆ ನಡೆದುಕೊಂಡು ಬಂದಿತ್ತು. ಯಾರಿಗೂ ತೊಂದರೆ ಇರಲಿಲ್ಲ. "ನನ್ನ ಹೆಂಡ್ತಿ ಪ್ರಿಪೇರ್ ಆಗ್ತಿದಾಳೆ" ಎಂದು ನನ್ನ ಗಂಡ ಗಿರೀಶ್ ತಮ್ಮ ಆಫೀಸಿನಲ್ಲೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. (ಪ್ರಿಪೇರ್ ಆಗುವ ಹೆಂಡತಿ ಊಟದ ಹೊತ್ತಿಗೆ ಮನೆಯಲ್ಲೇ ಇರುತ್ತಾಳೆ ನೋಡಿ.)

ಪಾರ್ಟಿಯ ದಿನ ಬೆಳಗ್ಗೆ ಎಡವಟ್ಟಾಯಿತು. ಇಂಟರ್‌ವ್ಯೂಗೆ ಕರೆ ಬಂತು!

ಮೊಂಟಾನಾ ರಾಜ್ಯದ ಒಂದು ಪುಟ್ಟ ಊರಿನ ಆಸ್ಪತ್ರೆ. "ಕಂಗ್ರಾಟ್ಸ್ ಕಣೇ!" ಎಂದು ಗಿರೀಶ್ ತಬ್ಬಿಕೊಂಡರು. ತಬ್ಬಿಕೊಂಡೇ ನನ್ನ ಬೆನ್ನ ಹಿಂದೆ ಫೋನಿನಲ್ಲಿ ಮ್ಯಾಪ್ ತೆಗೆದರು. "ಇಡೀ ದಿನದ ಡ್ರೈವ್ ಅಲ್ವೇನೇ ಇದು?" ಮಗಳು ಅನಿಕಾಗೆ ಹನ್ನೆರಡು ವರ್ಷ, ಸ್ವಿಮ್ಮಿಂಗ್ ಎಂದರೆ ಪ್ರಾಣ. ನಾವು ಕನ್ನಡದಲ್ಲಿ ಹೇಳಿದ್ದು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡು ದೇ ಈವನ್ ಹ್ಯಾವ್ ಎ ಪೂಲ್, ಅಮ್ಮಾ?"

ಇಂಟರ್‌ವ್ಯೂ ವಿಡಿಯೋದಲ್ಲೇ. ಕೊಟ್ಟರೆ ಗಂಟೇನು ಹೋಗುತ್ತದೆ ಎನ್ನುತ್ತೀರಾ? ಹೋಗುತ್ತದೆ. ಇಂಟರ್‌ವ್ಯೂ ಆದಮೇಲೆ ನಮಗೆ ಬೇಕಾದ ಆಸ್ಪತ್ರೆಯ ಹೆಸರು ನಾವು ಬರೆದುಕೊಡಬೇಕು, ಅವರು ತಮಗೆ ಬೇಕಾದವರ ಹೆಸರು ಬರೆಯುತ್ತಾರೆ. ಕಂಪ್ಯೂಟರ್ ಜೋಡಿ ಮಾಡುತ್ತದೆ. ಜೋಡಿಯಾದರೆ ಹೋಗಲೇಬೇಕು. ಯೋಚಿಸಿ ಹೇಳ್ತೀನಿ ಎನ್ನುವ ಹಾಗಿಲ್ಲ.

"ಕೊಟ್ ನೋಡು. ಬೇಡ ಅನ್ಸಿದ್ರೆ ಹೆಸರು ಬರೀದಿದ್ರಾಯ್ತು," ಎಂದರು ಗಿರೀಶ್.

ಇಷ್ಟು ವರ್ಷಕ್ಕೆ ಬಂದಿರುವ ಒಂದೇ ಒಂದು ಕರೆ. ಹೆಸರು ಬರೆಯದೆ ಇರುವಷ್ಟು ಗಟ್ಟಿಗಿತ್ತಿ ನಾನಲ್ಲ. ಗಿರೀಶರ ಆಫೀಸು, ಅನಿಕಾಳ ಸ್ಕೂಲು ಎಲ್ಲ ಇಲ್ಲೇ ಇರುವುದರಿಂದ ಹೋದರೆ ಒಬ್ಬಳೇ ಹೋಗಬೇಕು. ನಾನು ತರಬೇತಿ ಮುಗಿಸಿ ಬರುವಾಗ ಮಗಳು ಕಾರ್ ಓಡಿಸುತ್ತಿರುತ್ತಾಳೆ. ಇಂಟರ್‌ವ್ಯೂ ದಿನ ಆರಿಸಿಕೊಳ್ಳಲು ಮೇಲ್‌ನಲ್ಲಿ ಒಂದು ಲಿಂಕ್ ಇತ್ತು. ಪಾರ್ಟಿ ಮುಗಿಸಿಕೊಂಡು ಬಂದು ನೋಡೋಣ ಎಂದು ಮುಚ್ಚಿಟ್ಟೆ.

ಪಾರ್ಟಿಯಲ್ಲಿ ಗಿರೀಶ್ ವಿಷಯ ಬಾಯಿಬಿಟ್ಟರು. ಶುರುವಾಯಿತು ನೋಡಿ.

"ಈ ವಯಸ್ಸಲ್ಲಿ ನೈಟ್ ಡ್ಯೂಟಿ ಯಾಕೆ ಡಾಕ್ಟ್ರೇ?"

"ಅಲ್ಲಿ ಸ್ನೋ ಎಷ್ಟು ಬೀಳುತ್ತೆ ಗೊತ್ತಾ ಡಾಕ್ಟ್ರೇ?"

"ಆರಾಮಾಗಿ ಮೆಡಿಕಲ್ ಕೋಡಿಂಗ್ ಮಾಡ್ಬಿಡಿ ಡಾಕ್ಟ್ರೇ, ವರ್ಕ್ ಫ್ರಮ್ ಹೋಮ್!" ಇದು ರಘು. ಹೆಬ್ಬೆರಳಿನ ರಘು.

ಗಮನಿಸಿ, ಡಾಕ್ಟರ್ ಆಗಬೇಡಿ ಎನ್ನುವವರೂ ನನ್ನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ರಘು ಹೆಂಡತಿ ಸವಿತಾ ನನ್ನ ತಟ್ಟೆಗೆ ಕೋಸಂಬರಿ ಬಡಿಸುತ್ತಾ, "ನಿಂಗೇನು ಕಮ್ಮಿ ಆಗಿದೆ ಹೇಳು?" ಎಂದಳು. ಪ್ರೀತಿಯಿಂದಲೇ ಕೇಳಿದ್ದು. ಗಿರೀಶ್ ಎಲ್ಲರ ಮಾತಿಗೂ ಹೂಂಗುಟ್ಟುತ್ತಿದ್ದರು.

ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಆ ಲಿಂಕ್ ಒತ್ತಿದೆ. ಒಂದು ದಿನವೂ ಖಾಲಿ ಇಲ್ಲ! ಎಲ್ಲ ಭರ್ತಿ. ನಾವು ಲಿನ್‌ವುಡ್‌ನಲ್ಲಿ ಮೊಂಟಾನಾದ ಸ್ನೋ ಅಳೆಯುತ್ತಿದ್ದಾಗ ಬೇರೆಯವರು ದಿನ ಆರಿಸಿಕೊಂಡು ಮುಗಿಸಿದ್ದರು. ಕೊನೆಯಲ್ಲಿ ವೇಟಿಂಗ್ ಲಿಸ್ಟ್ ಎಂದಿತ್ತು. ಅದಕ್ಕೆ ಹೆಸರು ಹಾಕಿ, ಬಾತ್‌ಟಬ್ಬಿನ ಅಂಚಿನ ಮೇಲೆ ಕೂತು ಅತ್ತೆ. ಇಷ್ಟು ಬೇಕಾಗಿತ್ತೇ ನನಗೆ ಇದು? ಬೆಳಗ್ಗೆ ಕೈಯಲ್ಲೇ ಇದ್ದಾಗ ಯಾಕೆ ಗೊತ್ತಾಗಲಿಲ್ಲ?

ಬಾಗಿಲು ಬಡಿದ ಸದ್ದು. "ಡಾಕ್ಟ್ರೇ, ಅರ್ಜೆಂಟಿಲ್ಲ. ಬಿಪಿ ರೀಡಿಂಗ್ ಒಂದು ತೋರಿಸ್ಬೇಕಿತ್ತು." ಯಾರೆಂದು ನಾನು ಕೇಳಲಿಲ್ಲ.

ಮುಖ ತೊಳೆದುಕೊಂಡು ಹೊರಗೆ ಬಂದು, ದಿನಗಳೆಲ್ಲ ಭರ್ತಿಯಾದವು ಎಂದೆ. ವೇಟಿಂಗ್ ಲಿಸ್ಟಿನ ಮಾತು ಎತ್ತಲಿಲ್ಲ. "ಹೋಗ್ಲಿ ಬಿಡಿ ಡಾಕ್ಟ್ರೇ, ತಲೆಬಿಸಿ ತಪ್ತು," ಎಂದರು ರಘು. ಸವಿತಾ ನನ್ನ ಕೈ ಹಿಡಿದುಕೊಂಡಳು. ಗಿರೀಶ್ ಬಂದು ಹೆಗಲು ತಟ್ಟಿ, "ಬೇಜಾರು ಮಾಡ್ಕೋಬೇಡ ಕಣೇ" ಎಂದರು. ಆಮೇಲೆ ಹೋಗಿ ಎರಡನೇ ಬಟ್ಟಲು ಪಾಯಸ ಹಾಕಿಸಿಕೊಂಡರು. ಶುಗರ್ ಬಾರ್ಡರ್‌ನಲ್ಲಿದೆ ಎಂದು ಮನೆಯಲ್ಲಿ ಕಾಫಿಗೂ ಸಕ್ಕರೆ ಹಾಕಿಕೊಳ್ಳದ ಮನುಷ್ಯ!

ಸೋಮವಾರ ಕ್ಲಿನಿಕ್ಕಿನಲ್ಲಿ ಯಾರದೋ ಮಂಡಿನೋವನ್ನು ಟೈಪ್ ಮಾಡುತ್ತಿದ್ದೆ. ಫೋನ್ ಗುರ್ರೆಂದಿತು. ಮೊಂಟಾನಾದಿಂದ ಮೇಲ್. ಒಬ್ಬರು ಬಿಟ್ಟುಕೊಟ್ಟಿದ್ದಾರೆ, ಒಂದು ದಿನ ಖಾಲಿ ಇದೆ, ಬೇಕಾ? ಮಂಡಿಯನ್ನು ಅರ್ಧಕ್ಕೇ ಬಿಟ್ಟು ಒತ್ತಿದೆ. ಒತ್ತಿದ ಮೇಲೆ ತಾರೀಖು ನೋಡಿದೆ. ಅನಿಕಾಳ ಸ್ವಿಮ್ಮಿಂಗ್ ಸ್ಪರ್ಧೆಯ ದಿನವೇ. ಆದರೂ ಕ್ಯಾನ್ಸಲ್ ಮಾಡಲಿಲ್ಲ.

ಸಂಜೆ ಇಬ್ಬರಿಗೂ ಹೇಳಿದೆ. ಅನಿಕಾ "ಅಪ್ಪಾ, ಯೂ ಆರ್ ಡ್ರೈವಿಂಗ್ ಮಿ ದೆನ್," ಎಂದು ಎದ್ದು ಹೋದಳು. ಅವಳ ಮಟ್ಟಿಗೆ ಅಷ್ಟೇ ಸಮಸ್ಯೆಯೋ, ಅಥವಾ ಅಷ್ಟೇ ತೋರಿಸಿದಳೋ, ನನಗೆ ಇನ್ನೂ ಗೊತ್ತಿಲ್ಲ.

ಗಿರೀಶ್ ಮಾತ್ರ ಅಲ್ಲೇ ಕೂತಿದ್ದರು. "ಒತ್ತೋಕೆ ಮುಂಚೆ ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?" ಎಂದರು. ಕೋಪದಲ್ಲಲ್ಲ, ನೊಂದುಕೊಂಡು. ನ್ಯಾಯವಾದ ಪ್ರಶ್ನೆಯೇ. ನನ್ನ ಹತ್ತಿರವೂ ಒಂದು ಪ್ರಶ್ನೆ ಇತ್ತು. ಈ ಸಲ ನುಂಗಿಕೊಳ್ಳಲಿಲ್ಲ.

"ಶನಿವಾರ ಆ ಎರಡನೇ ಬಟ್ಟಲು ಪಾಯಸ ಯಾವ ಖುಷಿಗೆ ಹಾಕಿಸ್ಕೊಂಡ್ರಿ?"