ಹರಿವಾಣದಲ್ಲಿ ಇಟ್ಟ ಬಗ್ಗಿದ ರಾಡು

ಕ್ಷಮಿಸುವುದು ದೊಡ್ಡ ಗುಣ ಎಂದು ಬೆಳ್ಳಂಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದೊಂದಿಗೆ ಸಂದೇಶ ಕಳಿಸುವ ಬಂಧುಗಳೇ, ನೀವು ಇದನ್ನು ಓದದಿದ್ದರೂ ನಡೆಯುತ್ತದೆ. ನನ್ನ ಸೋದರಮಾವನನ್ನು ನಾನು ಕ್ಷಮಿಸಿಲ್ಲ. ಅವರು ತೀರಿಹೋಗಿ ಎಷ್ಟೋ ವರ್ಷ ಆಯಿತು, ಈಗಲೂ ಇಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತು. ಕೊಟ್ಟಾರದ ನಮ್ಮ ಮನೆಯಂಗಳದಲ್ಲಿ ಅಮೇರಿಕದ ಒಂದು ದೊಡ್ಡ ಕಾರು ಇತ್ತು. ಘಟ್ಟದ ಮೇಲಿನ ಕಾಫಿ ತೋಟದ ಧಣಿಯೊಬ್ಬರಿಂದ ಅಪ್ಪ ಕೊಂಡದ್ದು. ಎಂಟು ಸಿಲಿಂಡರಿನ ಇಂಜಿನ್. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಪಾತ್ರೆಗಳು ಅದುರುತ್ತಿದ್ದವು. ಭೂಮಸೂದೆಯಲ್ಲಿ ಗದ್ದೆಯೆಲ್ಲ ಒಕ್ಕಲಿನವರಿಗೆ ಹೋದ ಮೇಲೆ, ಅಪ್ಪನನ್ನು ನಾಲ್ಕು ಜನ ನಿಂತು ಮಾತನಾಡಿಸುತ್ತಿದ್ದರೆ ಅದು ಆ ಕಾರಿನಿಂದ. ಭಾನುವಾರ ಅಪ್ಪ ಬಾನೆಟ್ ಎತ್ತಿದರೆ ನಾನು ಸ್ಪಾನರ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಬೇರೆಯವರ ಕೈ ಅದಕ್ಕೆ ತಾಗಲು ಬಿಡುತ್ತಿರಲಿಲ್ಲ.

ಅಮ್ಮನ ಅಣ್ಣ, ಅಂದರೆ ನನ್ನ ಮಾವ, ಬೊಂಬಾಯಿಯಲ್ಲಿ ಹೋಟೆಲ್ ಇಟ್ಟವರು. ಪಂಪ್‌ವೆಲ್‌ನ ಆಚೆ ದೊಡ್ಡ ಮನೆ ಕಟ್ಟಿಸಿದ್ದರು. ಜೂನ್ ಮೊದಲ ವಾರ ಮಗನ ಮದುವೆಗೆಂದು ಕಾರು ಕೇಳಿದರು. ಮಾವ ಕೇಳಿದರೆ ನಮ್ಮಲ್ಲಿ ಇಲ್ಲ ಅನ್ನುವ ಕ್ರಮವೇ ಇಲ್ಲ. ಅಪ್ಪ ಹೊಸ ಎಣ್ಣೆ ಹಾಕಿ, ತೊಳೆದು, ಕೀ ಕೊಟ್ಟರು. ಮದುವೆಯ ಮರುದಿನ ಕಾರು ಬಂದದ್ದು ಲಾರಿಯ ಹಿಂದೆ, ಹಗ್ಗದಲ್ಲಿ. ಇಂಜಿನ್ ಜಾಮ್.

"ಎಂತ ಬಾವ, ಎಣ್ಣೆ ಇಲ್ಲದ ಗಾಡಿ ಕೊಟ್ಟದ್ದಾ?" ಅಂದರು ಮಾವ, ಗೇಟಿನಲ್ಲಿ ನಿಂತೇ, ಇಡೀ ಓಣಿಗೆ ಕೇಳುವ ಹಾಗೆ. "ಮದುವೆ ದಿಬ್ಬಣ ದಾರಿಯಲ್ಲಿ ನಿಲ್ಲುತ್ತಿತ್ತು! ಹೆಣ್ಣು ಹುಡುಗಿಯ ಕೈಯಲ್ಲಿ ಸ್ಪಾನರ್ ಕೊಟ್ಟರೆ ಹೀಗೇ ಆಗೋದು."

ಅಪ್ಪ ಬಗ್ಗಿ ಲಾರಿಯ ಹಗ್ಗ ಬಿಚ್ಚತೊಡಗಿದರು. ಅಮ್ಮ "ಅಣ್ಣ ಅಲ್ವಾ, ಸುಮ್ಮನಿರು" ಎಂದು ನನ್ನ ಬಾಯಿ ಮುಚ್ಚಿಸಿದರು. ಮಾವ ಮಾತ್ರ ಸುಮ್ಮನಿರಲಿಲ್ಲ. ಹೋದ ಹೋದ ಮದುವೆ, ನಾಮಕರಣ, ಸಾವಿನ ಬೊಜ್ಜ, ಎಲ್ಲ ಕಡೆ ಎಣ್ಣೆಯಿಲ್ಲದ ಕಾರಿನ ಕಥೆ. "ಗದ್ದೆಯನ್ನೂ ಹೀಗೇ ನೋಡಿಕೊಂಡದ್ದು ಅವರು" ಎಂಬ ಬಾಲವೂ ಸೇರಿಕೊಂಡಿತು. ಅಪ್ಪ ಊಟದ ಮನೆಗಳಿಗೆ ಹೋಗುವುದು ಬಿಟ್ಟರು. ಆಮೇಲೆ ಪೇಟೆಗೆ ಹೋಗುವುದನ್ನೂ ಬಿಟ್ಟರು. ಅಂಗಳಕ್ಕೆ ಬಂದರೂ ಕಾರಿನ ಕಡೆ ನೋಡುತ್ತಿರಲಿಲ್ಲ.

ನಾನು ಬಂದರಿಗೆ ಹೋದೆ. ಅಲ್ಲಿ ಮೀನಿನ ಬೋಟುಗಳ ಇಂಜಿನ್ ಬಿಚ್ಚುವ ಒಬ್ಬರು ಬ್ಯಾರಿ ಮೇಸ್ತ್ರಿ ಇದ್ದರು; ಎಲ್ಲರೂ ಕಾಕ ಎಂದು ಕರೆಯುತ್ತಿದ್ದರು. "ಎಂಟು ಸಿಲಿಂಡರ್ ನಾನು ನೋಡಿದ್ದು ಇಲ್ಲ ಮಗಳೇ," ಅಂದರು ಅವರು. "ಆದರೆ ನೋಡ್ಲಿಕ್ಕೆ ಆಸೆ ಉಂಟು."

ನಮ್ಮ ಹಲಸಿನ ಮರದ ಗೆಲ್ಲಿಗೆ ಚೈನು ಕಟ್ಟಿ ಇಂಜಿನ್ ಎತ್ತಿದೆವು. ಕೆಳಗಿನ ತೊಟ್ಟಿ ಬಿಚ್ಚಿದರೆ ಎಣ್ಣೆ ತುಂಬ ಇತ್ತು, ಆದರೆ ಹಾಲು ಹಾಕಿದ ಚಹಾದ ಬಣ್ಣ. ಕಾಕ ಒಂದು ಬೇರಿಂಗ್ ತೆಗೆದು ಲುಂಗಿಯ ಅಂಚಿಗೆ ಒರೆಸಿ ನನ್ನ ಮುಖದ ಮುಂದೆ ಹಿಡಿದರು.

"ಎಣ್ಣೆ ಇಲ್ಲದೆ ಸತ್ತದ್ದಾದರೆ ಇದು ಸುಟ್ಟು ಕಪ್ಪಾಗಬೇಕಿತ್ತು. ನೋಡು, ಕನ್ನಡಿ. ಬೇಕಾದರೆ ಬೊಟ್ಟು ಇಟ್ಟುಕೋ."

ಮತ್ತೆ ಪಿಸ್ಟನ್‌ಗಳನ್ನು ಹೊರಗೆ ಎಳೆದರು. ಏಳು ಸರಿಯಾಗಿದ್ದವು. ಒಂದರ ರಾಡು, ಪಿಸ್ಟನ್ನನ್ನು ಹೊತ್ತು ಮೇಲೆ ಕೆಳಗೆ ಓಡಾಡುವ ಆ ಉಕ್ಕಿನ ತೋಳು, ಬಾಳೆ ಗೊನೆಯ ದಂಟಿನ ಹಾಗೆ ಬಗ್ಗಿತ್ತು.

"ಇದು ನೀರು ಕುಡಿದ ಇಂಜಿನ್," ಅಂದರು ಕಾಕ. "ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಿಕ್ಕೆ ಆಗ್ತದಾ? ರಾಡೇ ಬಗ್ಗಿತು. ಬೋಟಿನಲ್ಲಿ ನಾನು ಇದನ್ನು ನೂರು ಸಲ ನೋಡಿದ್ದೇನೆ. ನಿನ್ನ ಮಾವ ಎಲ್ಲಿಗೆ ಹೋಗಿದ್ದರು, ಮೀನಿಗಾ?"

ಇಂಜಿನ್ ಗಾಳಿ ಎಳೆಯುವ ಏರ್ ಫಿಲ್ಟರಿನ ಡಬ್ಬಿಯಲ್ಲಿ ಹೊಳೆಯ ಕೆಸರು ಒಣಗಿ ಅಂಟಿತ್ತು. ಮರುದಿನ ನಾನು ಬಸ್ಸು ಹತ್ತಿ ಕೂಳೂರಿಗೆ ಹೋದೆ. ಮದುವೆ ಸಂಜೆ ಮಾವ ಬೊಂಬಾಯಿಯ ಸ್ನೇಹಿತರನ್ನು ಕೂರಿಸಿಕೊಂಡು ಆ ಕಡೆ ತಿರುಗಾಡಲು ಹೋದದ್ದು ನನಗೆ ಗೊತ್ತಿತ್ತು. ಹೊಳೆ ದಾಟುವ ಸಂಕದ ಹತ್ತಿರದ ಚಹಾದಂಗಡಿಯವನಿಗೆ ಪ್ರಶ್ನೆ ಪೂರ್ತಿ ಕೇಳಬೇಕಾಗಲೇ ಇಲ್ಲ.

"ಓ, ಆ ಹಡಗಾ? ಎಳೆದು ಹಾಕಿದ್ದೇ ನಾವು ಮಾರಾಯ್ತಿ! ಹೊಳೆ ಬದಿ ದಾರಿಯಲ್ಲಿ ಸೊಂಟದಷ್ಟು ನೀರು. ಬೇಡ ಧಣಿ ಅಂದೆವು. 'ಇದು ಎಂಟು ಸಿಲಿಂಡರ್, ಇದಕ್ಕೆ ನೀರು ಎಂತ ಲೆಕ್ಕ' ಅಂದ್ರು ಅವರು."

ಅಪ್ಪನಿಗೆ ಎಲ್ಲ ಹೇಳಿದೆ. ಅವರು ಬಗ್ಗಿದ ರಾಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಬೇಡ ಮಗಾ. ಗಾಡಿ ಸರಿಯಾದರೆ ಸಾಕು. ನಿನ್ನ ಅಮ್ಮನ ಅಣ್ಣ," ಅಂದರು. ಅವರಿಗೆ ಸಾಕಾಗಿರಬಹುದು. ನನಗೆ ಸಾಕಾಗಿರಲಿಲ್ಲ.

ಆ ಮಳೆಗಾಲವಿಡೀ ಕೆಲಸ ಮಾಡಿದೆವು. ಬೊಂಬಾಯಿಯ ಗುಜರಿಯಿಂದ ಲಾರಿಯವರೊಬ್ಬರು ಒಂದು ರಾಡು ಹುಡುಕಿ ತಂದರು. ಅದನ್ನು ಉಳಿದ ಏಳರ ತೂಕಕ್ಕೆ ಸರಿಯಾಗುವಷ್ಟು ಕಾಕ ಅರದಿಂದ ಉಜ್ಜಿದರು. ಹದಿನಾರು ವಾಲ್ವುಗಳನ್ನು ಕೂರಿಸುವ ಕೆಲಸ ನನ್ನದು. ಉಜ್ಜುವ ಪೇಸ್ಟ್ ಹಚ್ಚಿ, ತುದಿಯ ರಬ್ಬರಿನಿಂದ ವಾಲ್ವನ್ನು ಕಚ್ಚಿದ ಕೋಲನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸಬೇಕು, ಗಂಟೆಗಟ್ಟಲೆ. ಮಾವನ ಜುಟ್ಟು ಕೈಯಲ್ಲಿದೆ ಎಂದುಕೊಂಡು ತಿರುಗಿಸಿದೆ. ಅಷ್ಟು ಚೆನ್ನಾಗಿ ಕೂತ ವಾಲ್ವುಗಳನ್ನು ತಾನು ನೋಡಿಲ್ಲ ಎಂದರು ಕಾಕ.

ನವರಾತ್ರಿಯ ಹೊತ್ತಿಗೆ ಇಂಜಿನ್ ಕಾರಿನೊಳಗೆ ಕೂತಿತು. "ಒಮ್ಮೆ ಸ್ಟಾರ್ಟ್ ಮಾಡಿ ನೋಡುವ," ಅಂದರು ಕಾಕ. ಬೇಡ ಎಂದೆ. ಆಯುಧ ಪೂಜೆಯ ದಿನ, ನೆಂಟರೆಲ್ಲರ ಎದುರು ಮೊದಲ ಸಲ ಸ್ಟಾರ್ಟ್ ಆಗಬೇಕು. "ಆಗದಿದ್ದರೆ?" ಎಂದರು ಅವರು. ಆಗದಿದ್ದರೆ ಮಾವನ ಕಥೆಗೆ ಇನ್ನೊಂದು ಬಾಲ, ಅಪ್ಪನಿಗೆ ಜೀವಮಾನವಿಡೀ ಜಗಲಿ. ಗೊತ್ತಿದ್ದೇ ಹಟ ಹಿಡಿದೆ.

ಪೂಜೆಗೆ ಹಿರಿಯರು ಬರಬೇಕು ಎಂದು ವೀಳ್ಯ ಕೊಟ್ಟು ಕರೆದದ್ದು ಮಾವನನ್ನೇ. ಬಂದರು, ರೇಷ್ಮೆ ಪಂಚೆ ಉಟ್ಟು. ಹರಿವಾಣದಲ್ಲಿ ತೆಂಗಿನಕಾಯಿ, ಕೇಪಳ ಹೂ, ಅವುಗಳ ನಡುವೆ ಎರಡು ರಾಡು: ಒಂದು ನೆಟ್ಟಗೆ, ಒಂದು ಬಗ್ಗಿದ್ದು.

"ಇದಕ್ಕೂ ಕುಂಕುಮ ಇಡಿ ಮಾವ."

"ಎಂತದು ಇದು?"

ನಾನು ಕಾರಿನ ಪಕ್ಕ ನಿಂತಿದ್ದ ಕಾಕನ ಕಡೆ ಕೈ ತೋರಿಸಿದೆ. ಕಾಕ ಹೇಳಿದರು, ಬಂದರಿನಲ್ಲಿ ಹೇಳುವಷ್ಟೇ ಗಟ್ಟಿಯಾಗಿ, ನೀರು ಕುಡಿದ ಇಂಜಿನಿನ ಕಥೆ.

"ಸುಮ್ಮನೆ! ನೀರು ಎಲ್ಲಿಂದ ಬರ್ತದೆ?" ಅಂದರು ಮಾವ.

"ಕೂಳೂರಿನಿಂದ ಮಾವ," ಎಂದೆ.

ಆಗ ಮಾವನ ಹೆಂಡತಿ, ಜನ್ಮದಲ್ಲಿ ಗಂಡನ ಎದುರು ಮಾತಾಡದ ಅತ್ತೆ, ಕೇಳಿಯೇ ಬಿಟ್ಟರು: "ಹಾಗಾದರೆ ಆ ಸಂಜೆ ನಿಮ್ಮ ಪಂಚೆ ಸೊಂಟದವರೆಗೆ ಕೆಸರಾದದ್ದು? ಮಳೆ ಅಂದಿರಿ ನೀವು!"

ಯಾರೋ ಕಿಸಕ್ಕೆಂದರು. ಮಾವನ ಬೆರಳಿನ ಕುಂಕುಮ ಹರಿವಾಣದ ಅಂಚಿಗೆ ಉದುರಿತು. "ಬಾಯಿಮಾತು ಬೇಡ. ಮೊದಲು ಸ್ಟಾರ್ಟ್ ಆಗ್ಲಿ."

ನಾನು ಕೀ ತಿರುಗಿಸಿದೆ. ಇಂಜಿನ್ ಗೊರಗೊರ ತಿರುಗಿತು, ಕೆಮ್ಮಿತು, ಕಾರ್ಬುರೇಟರಿನ ಬಾಯಿಂದ ಫಟ್ ಎಂದು ಬೆಂಕಿ ಉಗುಳಿತು. ಮಕ್ಕಳು ಓಡಿದರು. ಮಾವ ನಕ್ಕರು. ನಾನು ಮತ್ತೆ ಕೀಗೆ ಕೈ ಹಾಕಿದೆ. ಅಪ್ಪ ಇದ್ದಕ್ಕಿದ್ದಂತೆ ಜಗಲಿಯಿಂದ ಇಳಿದು ಬಂದರು. ನಾಲ್ಕು ತಿಂಗಳ ನಂತರ ಬಾನೆಟ್ಟಿನೊಳಗೆ ತಲೆ ಹಾಕಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಹಿಡಿದು ಕೂದಲೆಳೆಯಷ್ಟು ತಿರುಗಿಸಿದರು. "ಹ್ಞೂಂ, ಈಗ."

ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಹಲಸಿನ ಮರದ ಕಾಗೆಗಳೆಲ್ಲ ಎದ್ದವು. ಕಾಕ ಎರಡೂ ಕೈ ಎತ್ತಿ ಕುಣಿದೇ ಬಿಟ್ಟರು.

ನನ್ನ ಲೆಕ್ಕದಲ್ಲಿ ಸೇಡು ಅಲ್ಲಿಗೆ ತೀರಿತ್ತು. ಅಪ್ಪನ ಲೆಕ್ಕ ಬೇರೆ ಇತ್ತೆಂದು ಆಮೇಲೆ ತಿಳಿಯಿತು. ಊಟ ಆದ ಮೇಲೆ ಬಹಳ ಮರ್ಯಾದೆಯಿಂದ, "ಬನ್ನಿ ಬಾವ, ಮನೆಗೆ ಬಿಟ್ಟು ಬರ್ತೇನೆ," ಅಂದರು. ಎಲ್ಲರೆದುರು ಬೇಡ ಅನ್ನಲಾಗದೆ ಮಾವ ಮುಂದೆ ಕೂತರು. ಅತ್ತೆ, ನಾನು ಹಿಂದೆ.

ಕೊಟ್ಟಾರದಿಂದ ಪಂಪ್‌ವೆಲ್‌ಗೆ ಅಪ್ಪ ಸೈಕಲ್ಲಿನ ವೇಗದಲ್ಲಿ ಹೋದರು. "ಸ್ವಲ್ಪ ಬೇಗ ಬಿಡಿ ಬಾವ," ಅಂದರು ಮಾವ. "ಆಗ್ಲಿಕ್ಕಿಲ್ಲ ಬಾವ, ಹೊಸತಾಗಿ ಕೂರಿಸಿದ ಇಂಜಿನ್. ಹದಕ್ಕೆ ಬರುವವರೆಗೆ ನಿಧಾನ." ಗುರುತಿನವರು ಕಂಡಲ್ಲೆಲ್ಲ ನಿಲ್ಲಿಸಿದರು. "ಓ, ಕಾರು ಸರಿಯಾಯಿತಾ? ಎಂತ ಆಗಿತ್ತು?" ಎಂದು ಕೇಳಿದವರಿಗೆಲ್ಲ, ನಾಲ್ಕು ತಿಂಗಳು ಬಾಯಿ ಬಿಡದ ನನ್ನಪ್ಪ ಒಂದೇ ಉತ್ತರ ಕೊಟ್ಟರು: "ಬಾವನವರು ಹೊಳೆಗೆ ಇಳಿಸಿದ್ರು. ಇಲ್ಲೇ ಇದ್ದಾರೆ, ಕೇಳಿ." ನಾನು ಎಣಿಸಿದೆ, ಒಂಬತ್ತು ಕಡೆ.

ಪಂಪ್‌ವೆಲ್‌ನಲ್ಲಿ ಬಸ್ಸಿಗೆ ನಿಂತವರ ಗುಂಪಿನ ಎದುರು ಇನ್ನೊಮ್ಮೆ ನಿಲ್ಲಿಸಿದರು. ಇಂಜಿನ್ ಆರಿಸಿ, ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು ಮಾವನ ಕೈಗೆ ಕೊಟ್ಟರು.

"ನೀವೇ ನೋಡಿ ಬಾವ. ಎಣ್ಣೆ ಉಂಟಾ?"

ಮಾವ ನೋಡಿದರು. "ಉಂಟು," ಅಂದರು.

"ಜೋರಾಗಿ ಹೇಳಿ ಬಾವ. ಬಸ್ಸಿನ ಸದ್ದಿಗೆ ಕೇಳ್ಲಿಲ್ಲ."