ಅವ್ವ ಕರೆಯದ ಹೆಸರು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಆಗ ಆ ಹೆಸರಿಲ್ಲದ ಮನೆಯೇ ಇರಲಿಲ್ಲ. ದೇವರ ಹೆಸರು. ಹರಕೆ ಹೊತ್ತವರೂ ಇಡುತ್ತಿದ್ದರು, ಹೊರದವರೂ ಇಡುತ್ತಿದ್ದರು. ಬೀದಿಯಲ್ಲಿ ನಿಂತು ಒಮ್ಮೆ ಕೂಗಿದರೆ ಮೂರು ಹುಡುಗರು, ಇಬ್ಬರು ಮುದುಕರು "ಓ" ಅನ್ನುತ್ತಿದ್ದರು. ನನ್ನ ತಮ್ಮನಿಗೂ ಅದನ್ನೇ ಇಟ್ಟರು. ಅವನು ಹುಟ್ಟುವ ಹಿಂದಿನ ವರ್ಷ ತೀರಿಕೊಂಡ ನಮ್ಮ ತಾತನದೂ ಅದೇ. ತಾತನೇ ತಿರುಗಿ ಬಂದ ಅಂದರು. ಇನ್ನು ಬೇರೆ ಹೆಸರು ಹುಡುಕುವ ತಾಪತ್ರಯ ಯಾರಿಗೆ ಬೇಕು!

ಒಬ್ಬೊಬ್ಬರ ಬಾಯಲ್ಲಿ ಅದು ಒಂದೊಂದು ಥರ. ಅಪ್ಪ ಅರ್ಧಕ್ಕೇ ಕತ್ತರಿಸಿ ಹಿಂದೊಂದು "ಲೇ" ಸೇರಿಸುತ್ತಿದ್ದ. ಮೊಳಕಾಲ್ಮುರಿನಿಂದ ಬರುತ್ತಿದ್ದ ಸೋದರಮಾವ ತೆಲುಗಿನ ಎಳೆತದಲ್ಲಿ ಕೊನೆಯಕ್ಷರವನ್ನು ಉದ್ದ ಮಾಡುತ್ತಿದ್ದ. ಅಮಾವಾಸ್ಯೆಗೆ ಬರುವ ಐನೋರು ಒಂದಕ್ಷರವೂ ಬಿಡದೆ ಪೂರ್ತಿ ಹೇಳಿದರೆ, ಬೇರೆ ಯಾರನ್ನೋ ಕರೆದರೆಂದು ತಮ್ಮ ಸುಮ್ಮನೆ ಕೂತಿರುತ್ತಿದ್ದ.

ಅವ್ವನ ಬಾಯಲ್ಲಿ ಮಾತ್ರ ಬರಲೇ ಇಲ್ಲ. ಮಾವನ ಹೆಸರು, ಸೊಸೆ ಹೇಳುವಂತಿಲ್ಲ. ಅಜ್ಜಿಗೆ ಗಂಡನ ಹೆಸರು, ಅವಳೂ ಹೇಳುವಂತಿಲ್ಲ. ಅಜ್ಜಿ ಅವನನ್ನು "ನಮ್ಮ ಮುದುಕ" ಅಂತ ಕರೆದು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ಅವ್ವ "ಮಾವಯ್ಯ" ಅನ್ನುತ್ತಿದ್ದಳು. ತಾನೇ ಹೆತ್ತದ್ದಕ್ಕೆ ಮಾವಯ್ಯ! ಅವನು ಬೀದಿಯಲ್ಲಿದ್ದರೆ ಕರೆಯುವ ಕೆಲಸ ನನ್ನದು.

"ಹೋಗೇ, ಕೂಗೇ ಅವನ್ನ. ಮುದ್ದೆ ಆರೋಗ್ತೈತೆ" ಅಂತ ನನ್ನನ್ನು ಬಾಗಿಲಿಗೆ ಅಟ್ಟುತ್ತಿದ್ದಳು.

ಊರಿಗೆ ಜ್ವರ ಬಂದ ವರ್ಷ ಅವನಿಗೆ ಐದು, ನನಗೆ ಹತ್ತು. ಮಲಗಿದ ಮೂರನೆಯ ದಿನ ಮಧ್ಯಾಹ್ನ ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡ. ಜೀವ ಹೊರಟಾಗ ಹೆತ್ತವಳು ಕಿವಿಯಲ್ಲಿ ಹೆಸರು ಹಿಡಿದು ಕೂಗಿದರೆ ಅದು ತಿರುಗಿ ಬರುತ್ತದೆಂದು ನಮ್ಮ ಮನೆಯಲ್ಲಿ ನಂಬಿದ್ದರು.

ಅವ್ವ "ಮಾವಯ್ಯಾ, ಮಾವಯ್ಯಾ" ಅಂದಳು.

"ಅದು ಸಾಲ್ದು. ಹೆಸರು ಹಿಡಿದು ಕರಿಯೇ" ಅಂದಳು ಅಜ್ಜಿ. "ನಾನೇ ಹೇಳ್ತಿದೀನಿ ಕಣೇ ತಾಯಿ. ನಿಮ್ಮ ಮಾವ ಏನೂ ಅನ್ಕಳಲ್ಲ. ಕರಿಯೇ!"

ಅವ್ವ ಬಾಯಿ ತೆರೆದಳು. ದನಿ ಹೊರಡಲಿಲ್ಲ. ನನ್ನ ಕಡೆ ತಿರುಗಿ ಕೈ ಮಾಡಿದಳು. ದಿನಾ ಬೀದಿಗೆ ಅಟ್ಟುವಾಗ ಮಾಡುತ್ತಿದ್ದ ಹಾಗೆಯೇ. ನಾನು ಕೂಗಿದೆ. ಗಂಟಲು ಬಿರಿಯುವ ಹಾಗೆ ಕೂಗಿದೆ. ಪಕ್ಕದ ಮನೆಯಿಂದ ಯಾರೋ "ಓ" ಅಂದರು. ತಮ್ಮ ಅನ್ನಲಿಲ್ಲ.

ನನಗೆ ಅಳು ಬರಲಿಲ್ಲ. ಮಣ್ಣು ಮಾಡಿ ಬಂದವರಿಗೆ ಕಾಲು ತೊಳೆಯಲು ನೀರು ಕೊಟ್ಟೆ. ಯಾರೋ ಉಣ್ಣು ಅಂದರು, ಉಂಡೆ. ಅಪ್ಪ ಅವತ್ತಿನಿಂದ ಆ ಹೆಸರನ್ನೇ ಬಿಟ್ಟ. ಅಜ್ಜಿ ಮರುವರ್ಷ ಹೋದಳು.

ಆಮೇಲೆ ಅವ್ವನಿಗೊಂದು ಅಭ್ಯಾಸ ಹತ್ತಿತು. ಸಂಜೆ ಕಸ ಗುಡಿಸಿ ನನ್ನ ಹತ್ತಿರ ಕೂತು, "ಒಂದ್ಸಲ ಹೇಳೇ" ಅನ್ನುವಳು. ನಾನು ಹೇಳುತ್ತಿದ್ದೆ. ಬೀದಿಯಲ್ಲಿ ದಿನವಿಡೀ ಅದೇ ಹೆಸರು ಕೇಳುತ್ತಿತ್ತು, ಆದರೆ ಅದು ಅವರವರ ಮಕ್ಕಳದು. ನಾನು ಹೇಳಿದಾಗ ಮಾತ್ರ ನಮ್ಮವನದು. ಒಂದು ದಿನ ಸಿಟ್ಟು ತಡೆಯದೆ, "ಅವತ್ತು ಬಾಯಿಗೇನಾಗಿತ್ತು ನಿಂಗೆ?" ಅಂದುಬಿಟ್ಟೆ. ಅವ್ವ ಎದ್ದು ದೀಪ ಹಚ್ಚಲು ಹೋದಳು. ಮರುದಿನವೂ ಬಂದು ಕೂತಳು. ನಾನೂ ಹೇಳಿದೆ. ಆದರೆ ಅವಳನ್ನು ಕ್ಷಮಿಸಿರಲಿಲ್ಲ.

ಹದಿಮೂರಕ್ಕೆ ನನ್ನನ್ನು ಮೊಳಕಾಲ್ಮುರಿನ ಹತ್ತಿರದ ಸಿದ್ದಾಪುರದ ಕಡೆ ಕೊಟ್ಟರು. ಗಂಡಿನ ಹೆಸರು ನನಗೆ ಯಾರೂ ಹೇಳಿರಲಿಲ್ಲ, ಅರಿಶಿನ ಹಚ್ಚುವಾಗ ಹೆಂಗಸರ ಮಾತಿನಲ್ಲಿ ಕಿವಿಗೆ ಬಿತ್ತು. ಅದೇ ಹೆಸರು. ಆಶ್ಚರ್ಯಪಡುವಂಥದ್ದೇನಿಲ್ಲ, ಆ ಸೀಮೆಯಲ್ಲಿ ಕಣ್ಣು ಮುಚ್ಚಿ ಗಂಡು ಹುಡುಕಿದರೂ ಆ ಹೆಸರಿನವನೇ ಸಿಗುತ್ತಿದ್ದ. ನನಗೆ ಆಗ ಏನೂ ಅನ್ನಿಸಲಿಲ್ಲ. ಕೈ ಚಾಚಿದೆ, ಅರಿಶಿನ ಹಚ್ಚಿದರು.

ಮೊದಲ ಸಲ ತವರಿಗೆ ಬಂದಾಗ ಅವ್ವ ಮೊರದಲ್ಲಿ ನವಣೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತೆ.

"ಒಂದ್ಸಲ ಹೇಳೇ" ಅಂದಳು.

ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ. ತಮ್ಮನದು, ತಮ್ಮನದು ಅಂದುಕೊಂಡೇ ಎರಡು ಸಲ ತೆರೆದೆ. ಆಗಲಿಲ್ಲ.

ಅವ್ವ ನನ್ನ ಮುಖ ನೋಡಿದಳು. ಮೊರಕ್ಕೆ ಕೈ ಹಾಕಿ ಒಂದು ಕಲ್ಲು ತೆಗೆದು ಬಿಸಾಡಿದಳು.

"ಹಂಗಾರೆ ಇನ್ನು ಅವನ್ನ ಕರಿಯೋರು ಯಾರೂ ಇಲ್ಲ" ಅಂದಳು.